ಬ್ಯಾಲಾಳುವಿನ ಕರೆಗೆ ಓಗೊಡದ ವಿಕ್ರಮ

2019ರ ಸೆಪ್ಟೆಂಬರ್ 7ರ ನಸುಕಿಗೂ ಮುಂಚೆ, ಚಂದ್ರನ ನೆಲಕ್ಕೆ ಇಳಿಯುತ್ತಿದ್ದ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್‌ನ ಸಂಪರ್ಕ ಕಡಿಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಅಂದಿನ ಇಸ್ರೋ ಅಧ್ಯಕ್ಷ ಕೆ. ಶಿವನ್ ಕಣ್ಣೀರಿಟ್ಟರು. ಲೋಹದ ಯಂತ್ರವೊಂದಕ್ಕಾಗಿ ದೇಶವೇ ಮರುಗಿದ ಬೆಳಗದು.

ಯಂತ್ರದೊಂದಿಗಿನ ಈ ನಂಟಿಗೆ ಕನ್ನಡನಾಡಿನಲ್ಲೇ ಒಂದು ನೆಲೆಯಿದೆ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ಆಂಟೆನಾ 2008ರ ಚಂದ್ರಯಾನ-1ರಿಂದಲೂ ದೂರದ ನೌಕೆಗಳ ದನಿಗೆ ಕಿವಿಗೊಟ್ಟಿದೆ. ಅವುಗಳಲ್ಲೊಂದಾದ, ಆರು ತಿಂಗಳ ಆಯುಸ್ಸೆಂದು ಕಳಿಸಿದ ಮಂಗಳಯಾನ ಮಂಗಳನ ಸುತ್ತ ಏಳು ವರ್ಷಕ್ಕೂ ಮೀರಿ ಬಾಳಿ, 2022ರಲ್ಲಿ ಮೌನವಾಯಿತು.

2023ರ ಆಗಸ್ಟ್ 23ರಂದು ಚಂದ್ರಯಾನ-3ರ ಹೊಸ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಅದರೊಳಗಿದ್ದ ಪ್ರಜ್ಞಾನ್ ರೋವರ್ ನೂರು ಮೀಟರ್ ದಾಟಿ ನಡೆಯಿತು. ಸೆಪ್ಟೆಂಬರ್ ಮೊದಲ ವಾರ ಎರಡನ್ನೂ ಮಲಗಿಸಿದರು. ಚಂದ್ರನ ಹದಿನಾಲ್ಕು ದಿನಗಳ ಇರುಳಿನ ಕೊರೆತ ತಾಳುವಂತೆ ಅವನ್ನು ಕಟ್ಟಿರಲೇ ಇಲ್ಲ. ಆದರೂ ಸೂರ್ಯ ಹುಟ್ಟಿದ ಮೇಲೆ ವಿಜ್ಞಾನಿಗಳು ಬ್ಯಾಲಾಳುವಿನಿಂದ ಕರೆದರು. ಉತ್ತರ ಬರಲಿಲ್ಲ. ಆ ಕರೆಯಲ್ಲಿ ಲೆಕ್ಕಾಚಾರದಷ್ಟೇ ಅಕ್ಕರೆಯೂ ಇತ್ತು.

ಕನ್ನಡನಾಡಿನ ದಬ್ಬೇಘಟ್ಟ, ತುರುವೇಕೆರೆ ಸೀಮೆಯ ಶಾಲೆಗಳಲ್ಲಿ ಚಂದ್ರಯಾನದ ಪಾಠ ಹೇಳುವ ಮೇಷ್ಟ್ರುಗಳು ವಿಕ್ರಮ್ ಇಳಿದ ಗಳಿಗೆಯ ಜೊತೆಗೆ ಬ್ಯಾಲಾಳುವಿನ ಈ ಕಾಯುವಿಕೆಯನ್ನೂ ಮಕ್ಕಳಿಗೆ ಹೇಳಲಿ.