ಗೊಂಬೆ ಪರೀಕ್ಷೆ ಮತ್ತು ಉಳ್ಳೇರಹಳ್ಳಿಯ ದಂಡ



ಅಮೆರಿಕದಲ್ಲಿ ಮೇಮಿ ಕ್ಲಾರ್ಕ್ ಅಂತ ಒಬ್ಬ ಕಪ್ಪು ಮನಶ್ಶಾಸ್ತ್ರಜ್ಞೆ ಇದ್ದರು. ಪುಟ್ಟ ಕಪ್ಪು ಮಕ್ಕಳಲ್ಲಿ 'ನಾನು ಯಾರು' ಅನ್ನೋ ಅರಿವು ಹೇಗೆ ಬೆಳೆಯುತ್ತೆ ಅನ್ನೋದು 1939ರ ಅವರ ಎಂ.ಎ. ಪ್ರಬಂಧದ ವಿಷಯ. ಆಮೇಲೆ ಗಂಡ ಕೆನೆತ್ ಕ್ಲಾರ್ಕ್ ಜೊತೆ ಅದನ್ನೇ ಮುಂದುವರಿಸಿದರು. ಹೆಸರು ಹೆಚ್ಚಾಗಿ ಬಂದಿದ್ದು ಗಂಡನಿಗೆ. ಅದು ಬಿಡಿ, ಎಲ್ಲಾ ಕಡೆ ಅದೇ ಕಥೆ.

3ರಿಂದ 7 ವರ್ಷದ 253 ಕಪ್ಪು ಮಕ್ಕಳು. ಮುಂದೆ ನಾಲ್ಕು ಗೊಂಬೆ, ಬಣ್ಣ ಬಿಟ್ಟರೆ ಎಲ್ಲಾ ಒಂದೇ. ಒಳ್ಳೇದು ಯಾವುದು ಅಂದ್ರೆ ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ತೋರಿಸಿದವು, ಕೆಟ್ಟದ್ದು ಅಂದ್ರೆ ಕಂದು. 'ನಿನ್ನ ಥರ ಇರೋದು ಯಾವುದು?' ಅಂದಾಗ ಕೆಲವು ಮಕ್ಕಳು ಅತ್ತು ಎದ್ದು ಓಡಿದವು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬಣ್ಣ ನೋಡಿ ಶಾಲೆ ಬೇರೆ ಮಾಡೋದನ್ನ ರದ್ದು ಮಾಡಿತಲ್ಲ, ಆ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕೆನೆತ್ ಕ್ಲಾರ್ಕ್ ಬರಹದ ಉಲ್ಲೇಖವಿದೆ.

ನಮ್ಮ ಯಲ್ದೂರು ಸೀಮೆಯಲ್ಲಿ ಗೊಂಬೆ ಇಟ್ಟರೆ ಏನೂ ಗೊತ್ತಾಗಲ್ಲ. ಜಾತಿಗೆ ಬಣ್ಣ ಇಲ್ಲ. ಮಗುವಿಗೆ ಅದನ್ನ ಮೊದಲು ಹೇಳಿಕೊಡೋದು ಅವ್ವನೇ. 'ಊರೊಳಕ್ಕೆ ಹೋದ್ರೆ ಏನೂ ಮುಟ್ಬೇಡ ಕಣಪ್ಪ' ಅಂತಾಳೆ. ಅದು ದ್ವೇಷ ಅಲ್ಲ, ಮಗ ಹೊಡೆತ ತಿನ್ನದೆ ಮನೆಗೆ ಬರಲಿ ಅನ್ನೋ ಕರುಳು. ಅವಮಾನ ಪ್ರೀತಿಯ ದಾರಿಯಲ್ಲೇ ಮನೆಯೊಳಗೆ ಬರುತ್ತೆ.

2022ರ ಸೆಪ್ಟೆಂಬರ್, ಮಾಲೂರು ತಾಲೂಕಿನ ಉಳ್ಳೇರಹಳ್ಳಿ. ಜಾತ್ರೆಯಲ್ಲಿ ದೇವರ ಗುಜ್ಜುಕೋಲು ಮುಟ್ಟಿದ ಅಂತ ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ. ಕಟ್ಟದಿದ್ದರೆ ಊರು ಬಿಡಿ ಅಂದರು. ಈ ದಂಡದ ಕೆಲಸ ನೋಡಿ: ಮುಟ್ಟಿದ್ದು ಹುಡುಗ, ಹೊರೆ ಇಡೀ ಮನೆಯದು. ಕೂಲಿನಾಲಿ ಮಾಡೋ ಮನೆಯಲ್ಲಿ ಅಷ್ಟು ದುಡ್ಡು ಅಂದ್ರೆ, 'ಯಾಕೋ ಮುಟ್ಟಿದೆ?' ಅನ್ನೋ ಪ್ರಶ್ನೆ ಹೆತ್ತವರ ಬಾಯಲ್ಲೇ ಬರೋ ಹಾಗೆ ಮಾಡೋದು. ಸುದ್ದಿಯಾದ ಮೇಲೆ ಅಧಿಕಾರಿಗಳು ಬಂದರು, ಕೇಸಾಯ್ತು. ಹುಡುಗನ ಮನಸ್ಸಿಗೆ ಬಿದ್ದಿದ್ದು ಯಾವ ಕಡತದಲ್ಲಿ ಬರುತ್ತೆ?

ಕ್ಲಾರ್ಕ್ ದಂಪತಿ 1946ರಲ್ಲಿ ಹಾರ್ಲೆಮ್‌ನಲ್ಲಿ ಮಕ್ಕಳಿಗೂ ಮನೆಯವರಿಗೂ ಒಂದು ಕೇಂದ್ರ ತೆರೆದರು. ಬರೀ ಸಮಾಧಾನದ ಮಾತು ಸಾಲದು, ಮನೆ, ಶಾಲೆ ಸರಿಯಾಗಬೇಕು ಅಂತ ಅವರಿಗೆ ಬೇಗ ತಿಳಿಯಿತು.

ನನ್ನದೊಂದು ತಕರಾರೂ ಇದೆ. ಯಾವಾಗಲೂ ನಮ್ಮ ಮಕ್ಕಳನ್ನೇ ಯಾಕೆ ರೋಗಿ ಅಂತ ಕೂರಿಸ್ತೀರಿ? ದಂಡ ಹಾಕೋರ ಮನೆ ಮಗು ಯಾವ ವಯಸ್ಸಿಗೆ, ಯಾರಿಂದ ಇದನ್ನ ಕಲಿಯುತ್ತೆ? ಕೆನೆತ್ ಕ್ಲಾರ್ಕ್ 1955ರ ಪುಸ್ತಕದಲ್ಲಿ ಬಿಳಿ ಮಕ್ಕಳಿಗಾಗೋ ಕೇಡನ್ನೂ ಬರೆದರು. ನಮ್ಮಲ್ಲಿ ಮನಶ್ಶಾಸ್ತ್ರ ಓದ್ತಿರೋ ಹುಡುಗ ಹುಡುಗಿಯರು ಯಾರಾದ್ರೂ ಇದನ್ನ ಎತ್ತಿಕೊಳ್ಳೋದಾದ್ರೆ ಬನ್ನಿ, ಶ್ರೀನಿವಾಸಪುರ ಬಸ್ ಹತ್ತಿ. ಊರೂರು ಸುತ್ತಿಸೋಕೆ ನಾವಿದ್ದೀವಿ.