ಅಮೆರಿಕಾ ಸಮಾಜವೂ ಪರದೇಶೀಯರ ದೃಷ್ಟಿಯೂ

ಕ್ರಿ. ಶ. 1860ರಲ್ಲಿ ಕಾನ್ರಿನ್ ಮಾರು ಎಂಬ ಜಪಾನೀ ಹಡಗು ಶಾಂತಸಾಗರವನ್ನು ದಾಟಿ ಅಮೆರಿಕೆಯ ಸಾನ್ ಫ್ರಾನ್ಸಿಸ್ಕೋ ನಗರವನ್ನು ಸೇರಿತು. ಅದರಲ್ಲಿ ಬಂದವರ ಪೈಕಿ ಫುಕುಜಾವಾ ಯುಕಿಚಿ ಎಂಬ ತರುಣ ಪಂಡಿತನೂ ಒಬ್ಬನು. ತಂತಿಯ ವರ್ತಮಾನವನ್ನಾಗಲಿ ಕಾರ್ಖಾನೆಗಳನ್ನಾಗಲಿ ಕಂಡು ಆತನು ಹೆಚ್ಚಾಗಿ ಬೆರಗಾಗಲಿಲ್ಲ. ಅವುಗಳ ತತ್ತ್ವವನ್ನು ಡಚ್ಚರ ಪುಸ್ತಕಗಳಿಂದ ಮೊದಲೇ ಅರಿತಿದ್ದನು. ಆತನನ್ನು ದಿಗ್ಭ್ರಮೆಗೊಳಿಸಿದುದು ಬೇರೊಂದು. ಜಾರ್ಜ್ ವಾಷಿಂಗ್ಟನ್ನನ ವಂಶಸ್ಥರು ಈಗ ಏನಾಗಿರುವರೆಂದು ಆತನು ಒಬ್ಬ ಗೃಹಸ್ಥನನ್ನು ವಿಚಾರಿಸಿದನು. ಯಾರೋ ಒಬ್ಬ ಹೆಂಗಸು ಇರಬೇಕು, ಯಾರನ್ನೋ ಮದುವೆಯಾಗಿರಬೇಕು, ಎಲ್ಲಿರುವಳೋ ತಿಳಿಯದು ಎಂಬರ್ಥದ ಉದಾಸೀನದ ಉತ್ತರವು ದೊರೆಯಿತು. ತೊಕುಗಾವಾ ಇಯೆಯಾಸುವಿನ ಸಂತತಿಯು ಎರಡೂವರೆ ಶತಮಾನಗಳಿಂದ ಆಳುತ್ತಿದ್ದ ನಾಡಿನಿಂದ ಬಂದವನಿಗೆ ರಾಷ್ಟ್ರಸ್ಥಾಪಕನ ವಂಶವನ್ನು ಕುರಿತ ಈ ಅಲಕ್ಷ್ಯವು ನಂಬಲಾರದ ಸಂಗತಿಯಾಗಿ ಕಂಡಿತು. ವಾಷಿಂಗ್ಟನ್ನನಿಗೆ ಔರಸ ಸಂತಾನವೇ ಇರಲಿಲ್ಲವೆಂಬುದು ಬೇರೆ ಮಾತು. ಕೇಳಿದವನಿಗೂ ಅದು ತಿಳಿಯದು, ಹೇಳಿದವನಿಗೂ ತಿಳಿಯದು.

ಪರದೇಶದಿಂದ ಬಂದವನು ಯಾವ ಸಮಾಜವನ್ನು ನೋಡುವಾಗಲೂ ತನ್ನ ಮನೆಯ ಅಳತೆಗೋಲನ್ನು ಕೈಯಲ್ಲಿ ಹಿಡಿದೇ ನೋಡುತ್ತಾನೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳನ್ನು ನೋಡಿ ಬರೆದವರ ಗ್ರಂಥರಾಶಿಯಲ್ಲಿ ಈ ಮಾತಿಗೆ ಸಾಕ್ಷ್ಯವು ಹೇರಳವಾಗಿದೆ. ಫ್ರಾನ್ಸಿನ ಅಲೆಕ್ಸಿ ದ ತೋಕ್‌ವಿಲ್ ಎಂಬುವನು 1831ರ ಮೇ ತಿಂಗಳಲ್ಲಿ ತನ್ನ ಮಿತ್ರನಾದ ಬೋಮಾನ್ ಎಂಬುವನೊಡನೆ ಅಲ್ಲಿಗೆ ಹೋದನು. ಸರ್ಕಾರದ ಕಾಗದಪತ್ರಗಳ ಪ್ರಕಾರ ಅವರು ಹೋದುದು ಸೆರೆಮನೆಗಳ ವ್ಯವಸ್ಥೆಯನ್ನು ಪರೀಕ್ಷಿಸುವುದಕ್ಕೆ. ಒಂಬತ್ತು ತಿಂಗಳು ಸುತ್ತಿ, ಹಿಂದಿರುಗಿದ ಮೇಲೆ 1835ರಲ್ಲಿಯೂ 1840ರಲ್ಲಿಯೂ ಎರಡು ಭಾಗಗಳಾಗಿ ಆತನು ಪ್ರಕಟಿಸಿದ ಗ್ರಂಥವನ್ನು ಅಮೆರಿಕನರೇ ಇಂದಿಗೂ ತಮ್ಮ ಸಮಾಜದ ಕನ್ನಡಿಯೆಂದು ಓದುತ್ತಾರೆ. ಕುಲೀನ ಮನೆತನದಲ್ಲಿ ಹುಟ್ಟಿದ ಆತನ ಬಂಧುಗಳಲ್ಲಿ ಕೆಲವರು ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ ತಲೆಗೊಟ್ಟವರು. ಆದುದರಿಂದ ರಕ್ತಪಾತವಿಲ್ಲದೆ ಸಮತ್ವವು ಹೇಗೆ ನೆಲೆಗೊಂಡೀತೆಂಬುದೇ ಆತನ ಮುಖ್ಯ ಪ್ರಶ್ನೆಯಾಯಿತು. ಆದರೂ ಮೊದಲ ಭಾಗದ ಕೊನೆಯಲ್ಲಿ ಆ ನೆಲದ ಮೂರು ಜನಾಂಗಗಳನ್ನು ಕುರಿತು ದೀರ್ಘವಾದೊಂದು ಅಧ್ಯಾಯವನ್ನು ಸೇರಿಸದೆ ಇರುವುದು ಆತನಿಂದ ಆಗಲಿಲ್ಲ. ಸಮತ್ವದ ನಾಡಿನಲ್ಲಿ ಆದಿನಿವಾಸಿಗಳು ನೆಲವನ್ನು ಕಳೆದುಕೊಳ್ಳುತ್ತಿದ್ದರು, ಕೃಷ್ಣವರ್ಣೀಯರು ದಾಸ್ಯದಲ್ಲಿದ್ದರು. ದಾಸ್ಯವು ಶಾಸನದಿಂದ ಹೋದರೂ ಅದರಿಂದ ಹುಟ್ಟಿದ ತಿರಸ್ಕಾರವು ಹೋಗಲಾರದೆಂದು ಆತನು ಮುಂಗಂಡಿದ್ದನು. ಬೋಮಾನನಂತೂ ಆ ವಿಷಯವನ್ನೇ ಹಿಡಿದು ಒಂದು ಕಾದಂಬರಿಯನ್ನು ಬರೆದನು.

ಚೀನಾದೇಶದ ಲಿಯಾಂಗ್ ಚಿಚಾವೋ 1903ರಲ್ಲಿ ಹೋದಾಗ ಕಂಡುದು ಮತ್ತೊಂದು. ನ್ಯೂಯಾರ್ಕಿನ ಐಶ್ವರ್ಯದ ಪಕ್ಕದಲ್ಲಿಯೇ ಇದ್ದ ದಾರಿದ್ರ್ಯವು ಆತನ ಕಣ್ಣಿಗೆ ಬಿದ್ದಿತು. ಚೀನೀ ಕೂಲಿಗಾರರು ಒಳಗೆ ಬರಕೂಡದೆಂಬ 1882ರ ಶಾಸನವು ಆಗ ಜಾರಿಯಲ್ಲಿತ್ತು. ಆದರೂ ಆತನನ್ನು ಹೆಚ್ಚಾಗಿ ನೋಯಿಸಿದುದು ಸಾನ್ ಫ್ರಾನ್ಸಿಸ್ಕೋದಲ್ಲಿ ನೆಲಸಿದ್ದ ಸ್ವದೇಶೀಯರ ಒಳಜಗಳ. ಗಣರಾಜ್ಯವನ್ನು ಹೊಗಳುತ್ತಿದ್ದವನು, ತನ್ನ ಜನರು ಅದಕ್ಕೆ ಇನ್ನೂ ಅಣಿಯಾಗಿಲ್ಲವೆಂಬ ಅಭಿಪ್ರಾಯವನ್ನು ಹೊತ್ತು ಹಿಂದಿರುಗಿದನು.

ಭಾರತೀಯರು ಅಮೆರಿಕೆಯನ್ನು ಕಂಡ ಬಗೆಯು ಇವೆಲ್ಲಕ್ಕಿಂತಲೂ ಜಟಿಲವಾದುದು. ಏಕೆಂದರೆ ಅವರ ಕೈಯಲ್ಲಿದ್ದ ಅಳತೆಗೋಲು ಜಾತಿ. ಅಲ್ಲಿಗೆ ಎಂದೂ ಹೋಗದಿದ್ದ ಮಹಾತ್ಮ ಜ್ಯೋತಿರಾವ್ ಫುಲೆಯವರು ಈ ಸರಣಿಯಲ್ಲಿ ಮೊದಲಿಗರು. 1865ರಲ್ಲಿ ಅಮೆರಿಕೆಯ ರಾಜ್ಯಾಂಗಕ್ಕೆ ಆದ ತಿದ್ದುಪಡಿಯಿಂದ ದಾಸ್ಯವು ಅಳಿಯಿತು. ಎಂಟು ವರ್ಷಗಳ ಮೇಲೆ, 1873ರಲ್ಲಿ, ಫುಲೆಯವರು ತಮ್ಮ ‘ಗುಲಾಮಗಿರಿ’ ಎಂಬ ಮರಾಠೀ ಗ್ರಂಥವನ್ನು, ದಾಸರನ್ನು ಬಿಡಿಸಿದ ಅಮೆರಿಕೆಯ ಸಜ್ಜನರಿಗೆ ಅರ್ಪಿಸಿದರು. ಪುಣೆಯ ಪೇಟೆಯಲ್ಲಿದ್ದುಕೊಂಡು ಅಷ್ಟು ದೂರದ ಯುದ್ಧದಲ್ಲಿ ತಮ್ಮ ನಾಡಿನ ಶೂದ್ರಾತಿಶೂದ್ರರ ಮೇಲ್ಪಂಕ್ತಿಯನ್ನು ಕಂಡವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದಾರು?

ಅಮೆರಿಕೆಯಲ್ಲಿ ಕೆಲವು ವರ್ಷವಿದ್ದು, ನೋಡಿ, ಸ್ವಭಾಷೆಯಲ್ಲಿ ಸವಿಸ್ತಾರವಾಗಿ ಬರೆದವರೆಂದರೆ ಪಂಡಿತಾ ರಮಾಬಾಯಿ. ಇವರಿಗೂ ಕನ್ನಡನಾಡಿಗೂ ಇರುವ ಸಂಬಂಧವು ವಾಚಕರಲ್ಲಿ ಅನೇಕರಿಗೆ ಮರೆತುಹೋಗಿರಬಹುದು. ಇವರ ತಂದೆ ಅನಂತಶಾಸ್ತ್ರೀ ಡೋಂಗರೆಯವರು ಕಾರ್ಕಳದ ಸಮೀಪದ ಮಾಳದ ಕಡೆಯವರು. ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರೆಂಬ ಅಪವಾದವನ್ನು ಹೊತ್ತು, ಉಡುಪಿಯ ವಿದ್ವಾಂಸರ ಮುಂದೆ ಶಾಸ್ತ್ರಾಧಾರಗಳಿಂದಲೇ ತಮ್ಮ ಪಕ್ಷವನ್ನು ಸಮರ್ಥಿಸಿಕೊಳ್ಳಬೇಕಾಯಿತು. ಬಳಿಕ ಅವರು ತುಂಗಾಭದ್ರೆಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆಮಾಡಿದರು. 1858ರಲ್ಲಿ ರಮಾಬಾಯಿಯವರು ಹುಟ್ಟಿದುದು ಅಲ್ಲಿಯೇ. ತಾಯಿಯ ಬಾಯಿಂದ ಸಂಸ್ಕೃತವನ್ನು ಕಲಿತು, ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಅಣ್ಣನೊಡನೆ ಕಾಲ್ನಡೆಯಲ್ಲಿ ದೇಶವನ್ನು ಸುತ್ತಿ, 1878ರಲ್ಲಿ ಕಲ್ಕತ್ತೆಯ ಪಂಡಿತರಿಂದ ‘ಸರಸ್ವತೀ’ ಎಂಬ ಬಿರುದನ್ನು ಪಡೆದ ಈ ವಿದುಷಿಯು, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಎಳೆಯ ಮಗಳೊಂದಿಗೆ ವಿಧವೆಯಾದರು. ಮರುವರ್ಷ ಇಂಗ್ಲೆಂಡಿಗೆ ಹೋದರು. ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯಾದ ಸ್ತ್ರೀವೈದ್ಯ ವಿದ್ಯಾಲಯದಲ್ಲಿ ಪದವಿಯನ್ನು ಪಡೆಯುವ ಸಮಾರಂಭಕ್ಕಾಗಿ 1886ರಲ್ಲಿ ಅಮೆರಿಕೆಗೆ ಹೋದವರು 1888ರ ವರೆಗೆ ಅಲ್ಲಿಯೇ ನಿಂತರು. ಊರೂರಿನಲ್ಲಿ ಉಪನ್ಯಾಸ ಮಾಡಿ, ಬಾಲವಿಧವೆಯರ ಶಾಲೆಗಾಗಿ ಧನವನ್ನು ಕೂಡಿಸಿದರು. ಬೋಸ್ಟನ್ ನಗರದಲ್ಲಿ ಅದಕ್ಕಾಗಿ ಒಂದು ಸಂಘವೂ ಏರ್ಪಟ್ಟಿತು. ಹಿಂದಿರುಗಿ 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಅದೇ ವರ್ಷ ಅಮೆರಿಕೆಯ ಲೋಕಸ್ಥಿತಿಯನ್ನು ವರ್ಣಿಸುವ ಮರಾಠೀ ಗ್ರಂಥವನ್ನೂ ಹೊರತಂದರು.

ಆ ಗ್ರಂಥವು ಬರಿಯ ಪ್ರವಾಸವರ್ಣನೆಯಲ್ಲ. ರಾಜ್ಯಪದ್ಧತಿ, ಮನೆಮಾರು, ವಿದ್ಯಾಭ್ಯಾಸ, ಮತಧರ್ಮ, ದಾನಧರ್ಮ, ವ್ಯಾಪಾರ, ಇವನ್ನೆಲ್ಲ ಹೇಳಿ ಸ್ತ್ರೀಯರ ಸ್ಥಿತಿಗೆ ವಿಶೇಷವಾದ ಎಡೆಯನ್ನು ಕೊಟ್ಟಿದ್ದಾರೆ. ಇಂಗ್ಲೆಂಡಿನ ಅಧಿಕಾರವನ್ನು ಕಿತ್ತೊಗೆದ ಜನರ ಕಥೆಯನ್ನು ಇಂಗ್ಲೆಂಡಿಗೆ ಅಧೀನರಾದ ಜನರ ಮುಂದೆ ಇಡುತ್ತಿರುವೆವೆಂಬ ಎಚ್ಚರವು ಅವರಿಗೆ ಇದ್ದೇ ಇತ್ತು. ಹುಟ್ಟಿನಿಂದ ಕಸುಬು ನಿಶ್ಚಯವಾಗದಿರುವುದನ್ನೂ, ಹೆಂಗಸರು ತಾವೇ ಸಂಘಗಳನ್ನು ಕಟ್ಟಿ ನಡೆಸುವುದನ್ನೂ ಅವರು ಮನಸಾರೆ ಮೆಚ್ಚಿದರು. ಆದರೆ ಮೆಚ್ಚಿಕೆಯು ಕಣ್ಣನ್ನು ಮುಚ್ಚಲಿಲ್ಲ. ಹೆಂಗಸರಿಗೆ ದೇಶದಾದ್ಯಂತ ಮತದಾನದ ಹಕ್ಕಿಲ್ಲದುದನ್ನು ಎತ್ತಿ ತೋರಿಸಿದರು. ಅದು ಅವರಿಗೆ ದೊರೆತುದು 1920ರಲ್ಲಿ. ದಾಸ್ಯದ ಕಥೆಯನ್ನೂ, ಅದು ಹೋದ ಮೇಲೂ ಉಳಿದ ವರ್ಣದ್ವೇಷವನ್ನೂ, ಆದಿನಿವಾಸಿಗಳಿಗೆ ಆದ ಅನ್ಯಾಯವನ್ನೂ ಬಿಡಲಿಲ್ಲ. ತಮ್ಮ ಶಾಲೆಗೆ ಹಣಕೊಟ್ಟವರ ದೋಷವನ್ನು ಅಚ್ಚುಹಾಕಿಸುವುದಕ್ಕೆ ಧೈರ್ಯವು ಬೇಕು. ಆ ಮಾತುಗಳು ಮರಾಠಿಯಲ್ಲಿದ್ದುದರಿಂದ ಹಣಕೊಟ್ಟವರು ಓದಲಿಲ್ಲವೆಂಬುದೂ ನಿಜವೇ. ಗ್ರಂಥದ ಇಂಗ್ಲಿಷ್ ಭಾಷಾಂತರಗಳು ಬೆಳಕು ಕಂಡುದು 2003ರಲ್ಲಿ, ಬರೆದವರು ತೀರಿಕೊಂಡು ಎಂಬತ್ತೊಂದು ವರ್ಷಗಳಾದ ಮೇಲೆ.

ಸ್ವಾಮಿ ವಿವೇಕಾನಂದರು 1893ರಲ್ಲಿ ಷಿಕಾಗೋ ಸರ್ವಧರ್ಮಸಮ್ಮೇಳನಕ್ಕೆ ಹೋದ ಕಥೆಯು ಸರ್ವರಿಗೂ ವಿದಿತ. ಅದರೊಳಗಣ ಚಿಕ್ಕದೊಂದು ಸಂಗತಿಯು ಅಷ್ಟಾಗಿ ವಿದಿತವಲ್ಲ. ದಕ್ಷಿಣದ ಊರುಗಳಲ್ಲಿ ಅವರನ್ನು ಕೃಷ್ಣವರ್ಣೀಯನೆಂದು ಬಗೆದು ವಸತಿಗೃಹಗಳಲ್ಲಿ ಸೇರಿಸದೆ ಹೋದಾಗ, ತಾನು ಅವರವನಲ್ಲವೆಂದು ಹೇಳಿ ಒಳಹೊಗುವುದಕ್ಕೆ ಅವರು ಒಪ್ಪಲಿಲ್ಲವೆಂದು ಅವರ ಜೀವನಚರಿತ್ರಕಾರರು ಬರೆದಿದ್ದಾರೆ. ಇನ್ನೊಬ್ಬನನ್ನು ಕೆಳಗಿಟ್ಟು ತಾನು ಮೇಲೇರುವುದು ಅವರಿಗೆ ಬೇಡವಾಗಿತ್ತು. ಲಾಲಾ ಲಜಪತರಾಯರು 1916ರಲ್ಲಿ ಪ್ರಕಟಿಸಿದ ತಮ್ಮ ಅಮೆರಿಕಾ ಗ್ರಂಥದಲ್ಲಿ ಅಲ್ಲಿಯ ಕೃಷ್ಣವರ್ಣೀಯರ ಸ್ಥಿತಿಯನ್ನು ಇಲ್ಲಿಯ ಅಸ್ಪೃಶ್ಯರ ಸ್ಥಿತಿಯೊಡನೆ ಹೋಲಿಸಿ ನೋಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಭೀಮರಾವ್ ಅಂಬೇಡಕರ್ ಎಂಬ ಇಪ್ಪತ್ತೈದು ವಯಸ್ಸಿನ ವಿದ್ಯಾರ್ಥಿಯು ಭಾರತದ ಜಾತಿಗಳ ಉತ್ಪತ್ತಿಯನ್ನು ಕುರಿತು ಪ್ರಬಂಧವನ್ನೋದಿದರು. ಇದು ಕೇವಲ ಕಾಕತಾಳೀಯವಾದರೂ ನೆನಪಿನಲ್ಲಿಡತಕ್ಕುದು.

ಇಷ್ಟರ ವರೆಗೆ ಓದಿದವರಿಗೆ, ಅಮೆರಿಕೆಯ ವರ್ಣಭೇದವನ್ನು ಕಂಡ ಭಾರತೀಯರೆಲ್ಲರೂ ತುಳಿತಕ್ಕೊಳಗಾದವರ ಪಕ್ಷವನ್ನೇ ಹಿಡಿದರೆಂದು ತೋರಬಹುದು. ಚರಿತ್ರೆಯು ಹಾಗಿಲ್ಲ.

ಶ್ವೇತವರ್ಣೀಯರೂ ಆಫ್ರಿಕಾ ಮೂಲದವರೂ ಹೊರತು ಬೇರೆಯವರು ಅರ್ಜಿಯ ಮೂಲಕ ಪೌರತ್ವವನ್ನು ಪಡೆಯಕೂಡದೆಂಬುದು ಆಗಿನ ಶಾಸನ. 1922ರ ನವೆಂಬರಿನಲ್ಲಿ ಒಜಾವಾ ಎಂಬ ಜಪಾನೀಯನು, ತನ್ನ ಮೈಬಣ್ಣವು ಬಿಳಿದಾಗಿರುವುದರಿಂದ ತಾನು ಅರ್ಹನೆಂದು ವಾದಿಸಿದಾಗ, ಅಲ್ಲಿಯ ಪರಮೋಚ್ಚ ನ್ಯಾಯಾಲಯವು, ಬಣ್ಣವಲ್ಲ, ಕಾಕೇಸಿಯನ್ ಕುಲವೇ ಪ್ರಮಾಣವೆಂದು ತೀರ್ಪಿತ್ತಿತು. ಪಂಜಾಬಿನಿಂದ 1913ರಲ್ಲಿ ಹೋಗಿ, ಅಮೆರಿಕೆಯ ಸೇನೆಯಲ್ಲಿ ಸೇವೆಮಾಡಿದ್ದ ಭಗತ್ ಸಿಂಗ್ ಥಿಂದ್ ಎಂಬ ಸಿಖ್ಖರ ವ್ಯವಹಾರವು ಬೆನ್ನಹಿಂದೆಯೇ ವಿಚಾರಣೆಗೆ ಬಂದಿತು. ಅಲ್ಲಿ ಭಾರತೀಯರೆಲ್ಲರಿಗೂ ‘ಹಿಂದು’ ಎಂಬುದೇ ಹೆಸರು. ಥಿಂದರ ಪಕ್ಷದವರು, ಭಾಷಾಶಾಸ್ತ್ರ ಮಾನವಶಾಸ್ತ್ರಗಳ ಪ್ರಕಾರ ಆರ್ಯರೂ ಕಾಕೇಸಿಯನ್ನರೇ ಎಂದು ವಾದಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಉಚ್ಚಜಾತಿಯವರು ಜಾತಿಯ ಕಟ್ಟಿನಿಂದ ರಕ್ತವನ್ನು ಶುದ್ಧವಾಗಿ ಉಳಿಸಿಕೊಂಡವರೆಂದೂ, ಮದುವೆಯ ವಿಷಯದಲ್ಲಿ ಅಮೆರಿಕನನು ಕೃಷ್ಣವರ್ಣೀಯನನ್ನು ಕಾಣುವಂತೆಯೇ ಭಾರತದ ಉಚ್ಚಜಾತಿಯವನು ಅಲ್ಲಿಯ ಮೂಲನಿವಾಸಿಯನ್ನು ಕಾಣುವನೆಂದೂ ಲಿಖಿತವಾಗಿ ನಿವೇದಿಸಿದರು. ಸಂಸ್ಕೃತವೂ ಲ್ಯಾಟಿನ್ ಭಾಷೆಯೂ ಸೋದರಿಯರೆಂಬ ವಿದ್ಯಾವಿಷಯವು ಇಂಥ ಕೆಲಸಕ್ಕೆ ಉಪಯೋಗಕ್ಕೆ ಬಂದೀತೆಂದು ಅದನ್ನು ಕಂಡುಹಿಡಿದವರು ಊಹಿಸಿದ್ದರೋ ಇಲ್ಲವೋ! ಫುಲೆಯವರು ಯಾವ ಹೋಲಿಕೆಯನ್ನು ನಾಚಿಕೆಯಿಂದ ಎತ್ತಿದ್ದರೋ ಅದೇ ಹೋಲಿಕೆಯು ಇಲ್ಲಿ ಯೋಗ್ಯತಾಪತ್ರವಾಗಿ ಹಾಜರಾಯಿತು.

ಫಲವೇನಾಯಿತು? 1923ರ ಫೆಬ್ರವರಿ 19ರಂದು, ಮೊದಲಿನ ತೀರ್ಪನ್ನು ಬರೆದಿದ್ದ ಸದರ್ಲೆಂಡ್ ಎಂಬ ನ್ಯಾಯಾಧೀಶನೇ, ಶಾಸ್ತ್ರವಲ್ಲ, ಸಾಮಾನ್ಯ ಮನುಷ್ಯನ ತಿಳಿವಳಿಕೆಯೇ ಪ್ರಮಾಣವೆಂದು ಬರೆದು, ಥಿಂದರು ಶ್ವೇತವರ್ಣೀಯರಲ್ಲವೆಂದು ನಿರ್ಣಯಿಸಿದನು. ಒಜಾವಾನಿಗೆ ಶಾಸ್ತ್ರವು ಅಡ್ಡಬಂದಿತು, ಥಿಂದರಿಗೆ ಲೋಕರೂಢಿಯು ಅಡ್ಡಬಂದಿತು. ಸುಮಾರು ಮೂರೇ ತಿಂಗಳ ಅಂತರದಲ್ಲಿ ನ್ಯಾಯವು ಎರಡು ನಾಲಗೆಗಳಿಂದ ಮಾತನಾಡಿತು. ಈ ತೀರ್ಪಿನ ಬಲದಿಂದ, ಮೊದಲೇ ಪೌರತ್ವವನ್ನು ಪಡೆದಿದ್ದ ಹಲವು ಭಾರತೀಯರಿಂದ ಸರ್ಕಾರವು ಅದನ್ನು ಕಿತ್ತುಕೊಂಡಿತು. ಅವರಲ್ಲೊಬ್ಬರಾದ ವೈಷ್ಣೋದಾಸ್ ಬಗಾಯ್ ಎಂಬ ವರ್ತಕರು 1928ರಲ್ಲಿ, ತಮಗಾದ ಅವಮಾನವನ್ನು ಪತ್ರದಲ್ಲಿ ಬರೆದಿಟ್ಟು ಪ್ರಾಣವನ್ನು ನೀಗಿಕೊಂಡರು. ಥಿಂದರಿಗೆ ಪೌರತ್ವವು ಕೊನೆಗೆ ಸ್ಥಿರವಾದುದು 1936ರಲ್ಲಿ. ಅದೂ ಆರ್ಯರೆಂದಲ್ಲ, ಹಿಂದಿನ ಸೈನಿಕರೆಂದು.

ಈ ವ್ಯವಹಾರವು ಮುಗಿದು ಹದಿನೆಂಟು ವರ್ಷಗಳಾದ ಮೇಲೆ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವೀ ಚಟ್ಟೋಪಾಧ್ಯಾಯರು ಅಮೆರಿಕೆಯ ದಕ್ಷಿಣ ಪ್ರಾಂತದಲ್ಲಿ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದರು. ಬಿಳಿಯರ ಗಾಡಿಯಿಂದ ಏಳಬೇಕೆಂದು ಟಿಕೆಟು ನೋಡುವವನು ಹೇಳಿದನು, ಅವರು ಏಳಲಿಲ್ಲ. ಈಕೆ ಪರದೇಶದವರೆಂಬ ಅನುಮಾನವು ಬಂದು, ಮೂಲತಃ ಯಾವ ದೇಶದವರೆಂದು ಬಗೆಬಗೆಯಾಗಿ ಕೇಳಿದನು. ಭಾರತೀಯರೆಂಬ ಒಂದು ಮಾತಿನಿಂದ ತೊಡಕು ಹರಿಯುವಂತಿತ್ತು. ಆ ಬಾಗಿಲಿನಿಂದ ನುಸುಳುವುದಕ್ಕೆ ಕಮಲಾದೇವಿಯವರು ಇಷ್ಟಪಡಲಿಲ್ಲ. ತಾನು ಬಣ್ಣದ ಹೆಂಗಸೆಂಬುದು ಕಣ್ಣಿಗೆ ಕಾಣುವ ಸಂಗತಿ, ತಾನು ಇಲ್ಲಿಂದ ಕದಲುವವಳಲ್ಲ, ಎಂಬರ್ಥದ ಉತ್ತರವನ್ನು ಕೊಟ್ಟು ಕುಳಿತೇ ಇದ್ದರು. ಉಚ್ಚಜಾತಿಯ ಕಾಗದಪತ್ರವನ್ನು ಮುಂದೊಡ್ಡಬಹುದಾಗಿದ್ದ ಸಾರಸ್ವತ ಬ್ರಾಹ್ಮಣ ಮನೆತನದ ಹೆಣ್ಣುಮಗಳು ಅದನ್ನು ಗಂಟಿನಿಂದ ಹೊರತೆಗೆಯಲೇ ಇಲ್ಲ.

1946ರಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ಕೊಂಚ ತೆರೆಯಿತು. ವರ್ಷಕ್ಕೆ ನೂರು ಮಂದಿಗೆ ಮಾತ್ರ ಪ್ರವೇಶ. ಅದೇ ವರ್ಷ ಡಾಕ್ಟರ್ ಅಂಬೇಡಕರರು, ಕೃಷ್ಣವರ್ಣೀಯರ ನಾಯಕರಾದ ಡು ಬೋಯ್ಸ್ ಅವರಿಗೆ ಪತ್ರವನ್ನು ಬರೆದು, ಸಂಯುಕ್ತ ರಾಷ್ಟ್ರಸಂಘಕ್ಕೆ ಅವರ ಜನರು ಸಲ್ಲಿಸುತ್ತಿದ್ದ ಮನವಿಯ ಪ್ರತಿಗಳನ್ನು ಕೇಳಿದರು. ಉಭಯ ಜನರ ಸ್ಥಿತಿಯಲ್ಲಿರುವ ಸಾಮ್ಯವನ್ನು ಅದರಲ್ಲಿ ಎತ್ತಿಹೇಳಿದರು. 1965ರ ಶಾಸನದಿಂದ ದೇಶಮೂಲದ ಪ್ರಮಾಣವು ರದ್ದಾಯಿತು. ಕೃಷ್ಣವರ್ಣೀಯರು ತಮ್ಮ ಹಕ್ಕಿಗಾಗಿ ಮಾಡಿದ ಹೋರಾಟದ ಅಲೆಯೇ ಆ ಶಾಸನವನ್ನೂ ದಡಕ್ಕೆ ತಂದಿತೆಂಬುದನ್ನು ಅದರಿಂದ ಲಾಭಪಟ್ಟ ವೈದ್ಯರೂ ಇಂಜಿನಿಯರುಗಳೂ ಎಲ್ಲರೂ ನೆನೆದರೆಂದು ಹೇಳುವಂತಿಲ್ಲ. ಇಂದು ಅಲ್ಲಿ ಭಾರತೀಯ ಮೂಲದವರ ಸಂಖ್ಯೆಯು ಸುಮಾರು 50 ಲಕ್ಷ. ಕನ್ನಡಿಗರೂ ಅವರಲ್ಲಿ ಧಾರಾಳವಾಗಿದ್ದಾರೆ. ಹೊರಗಿನಿಂದ ನೋಡುತ್ತಿದ್ದವರು ಒಳಗಿನವರಾಗಿದ್ದಾರೆ. 2020ರಲ್ಲಿ ಇಸಬೆಲ್ ವಿಲ್ಕರ್ಸನ್ ಎಂಬ ಕೃಷ್ಣವರ್ಣೀಯ ಲೇಖಕಿಯು ತನ್ನ ದೇಶದ ವರ್ಣಭೇದವನ್ನು ವಿವರಿಸುವ ಗ್ರಂಥಕ್ಕೆ ‘ಜಾತಿ’ ಎಂಬರ್ಥದ ಹೆಸರನ್ನೇ ಇಟ್ಟಳು.

ಜಾತಿಯನ್ನು ಅರ್ಹತೆಯೆಂದು ಎತ್ತಿಹಿಡಿದ ವಾದವು ಅಮೆರಿಕೆಯ ಪರಮೋಚ್ಚ ನ್ಯಾಯಾಲಯದಲ್ಲಿ ಸೋತು ನೂರು ವರ್ಷಗಳೂ ಎರಡು ದಿನಗಳೂ ಆದ ಮೇಲೆ, 2023ರ ಫೆಬ್ರವರಿ 21ರಂದು, ಸಿಯಾಟಲ್ ನಗರಸಭೆಯು ಜಾತಿಯ ಆಧಾರದ ಮೇಲೆ ತಾರತಮ್ಯ ಮಾಡಕೂಡದೆಂಬ ನಿಬಂಧನೆಯನ್ನು ಅಂಗೀಕರಿಸಿತು. ಆ ದೇಶದ ನಗರಗಳಲ್ಲಿ ಇದೇ ಮೊದಲು. ಅದನ್ನು ಮಂಡಿಸಿದ ಸದಸ್ಯೆಯೂ ಭಾರತದಲ್ಲಿ ಹುಟ್ಟಿದವರು. ಪರವಾಗಿ ಮಾತನಾಡಿದವರಲ್ಲಿಯೂ ವಿರೋಧವಾಗಿ ಮಾತನಾಡಿದವರಲ್ಲಿಯೂ ಭಾರತೀಯ ಮೂಲದವರಿದ್ದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆಯೂ ಅಂಥದೇ ಮಸೂದೆಯನ್ನು ಒಪ್ಪಿ ಕಳುಹಿಸಿತು. ಈಗಿರುವ ಕಾನೂನೇ ಸಾಕೆಂದು ಹೇಳಿ ಅಲ್ಲಿಯ ಗವರ್ನರು ಅಕ್ಟೋಬರಿನಲ್ಲಿ ಅದಕ್ಕೆ ಅಂಕಿತವನ್ನು ಹಾಕದೆ ಹಿಂದಿರುಗಿಸಿದನು.