ಬೈಗುಳದ ಪೂರ್ವಚರಿತ್ರೆ

ಮಹಾಕೂಟದ ವಿಷ್ಣುಪುಷ್ಕರಿಣಿಯ ಪಾವಟಿಗೆಯಲ್ಲಿ ಒಂದು ಮುಂಜಾವು ಕಾಲುಜಾರಿದ ಮೊಮ್ಮಗನನ್ನು ಮುದುಕಿಯೊಬ್ಬಳು ರಟ್ಟೆ ಹಿಡಿದು ಮೇಲೆಳೆದು, “ನಿನ್ನ ಹೆಣಾ ಎತ್ತಲಿ, ಎತ್ತ ನೋಡತಿದ್ದಿ?” ಎಂದು ಗದರಿಸಿದಳು, ಕೂಡಲೆ ಸೆರಗಿನಿಂದ ಅವನ ತಲೆಯನ್ನೊರಸಿದಳು. ಬಾಯಿ ಮರಣವನ್ನು ಕೋರಿತು, ಕೈ ಪ್ರಾಣವನ್ನು ಕಾಯಿತು. ಈ ವಿಚಿತ್ರಕ್ಕೆ ಕಾರಣವೇನೆಂಬದನ್ನು ವಾಚಕರೊಡನೆ ವಿಚಾರಿಸಬೇಕೆಂದಿರುವೆನು.

ಪೂರ್ವದಲ್ಲಿ ಶಾಪದ ಮಾತಿಗೆ ತೂಕವಿದ್ದಿತು. ಇಲ್ಲಿಗೆ ಸಮೀಪದ ಬಾದಾಮಿಯಲ್ಲಿ ಮಂಗಲೇಶನು ಶಕ ೫೦೦ರಲ್ಲಿ, ಎಂದರೆ ಕ್ರಿ. ಶ. ೫೭೮ರಲ್ಲಿ, ಮೂರನೆಯ ಗುಹೆಯನ್ನು ಮಾಡಿಸಿದನು. ಅಲ್ಲಿರುವ ಅವನ ಕನ್ನಡ ಶಾಸನವು ಮಾಲೆಗಾರರಿಗೆ ಬಿಟ್ಟ ದತ್ತಿಯನ್ನು ಹೇಳಿ, ಅದನ್ನು ಕೆಡಿಸಿದವನು ಪಂಚಮಹಾಪಾತಕಿಯೂ ಏಳನೆಯ ನರಕದ ಹುಳುವೂ ಆಗುವನೆಂದು ಶಪಿಸುವದು. ಅರಸನು ಅಳಿದ ಬಳಿಕ ಹೂಗಾರನ ಅನ್ನವನ್ನು ಕಾಯುವವರಾರು? ಆ ಕಾವಲನ್ನು ಕಲ್ಲಿನಲ್ಲಿ ಕೊರೆದ ಶಾಪಕ್ಕೇ ಒಪ್ಪಿಸಿದ್ದರು.

ಬಳಕೆಯಿಂದ ನಾಣ್ಯವು ಸವೆಯುವಂತೆ ಮಾತೂ ಸವೆಯುವದು. ಸಂಸ್ಕೃತದ ‘ಆಜ್ಞಾ’ ಶಬ್ದವು ಪ್ರಾಕೃತದಲ್ಲಿ ‘ಆಣಾ’ ಆಗಿ ಕನ್ನಡದಲ್ಲಿ ‘ಆಣೆ’ಯಾಯಿತು. ಅರಸನ ಅಪ್ಪಣೆಯಾಗಿದ್ದ ಮಾತು ಪ್ರಮಾಣವಚನವಾಯಿತು. ಇಂದು ಸಂತೆಯಲ್ಲಿ ಬದನೆಕಾಯಿಯ ದರಕ್ಕೂ ‘ದೇವರಾಣೆ’ ಸಲ್ಲುವದು. ಅರ್ಥವು ಪೂರ್ಣ ಸವೆದಾಗ ಉಳಿಯುವದು ಬರಿಯ ದನಿ. ವೇದದಲ್ಲಿಯೂ ಅಂಥವು ಇವೆ. ಯಾಸ್ಕನು ನಿರುಕ್ತದಲ್ಲಿ ಪಾದವನ್ನು ತುಂಬುವದಕ್ಕಾಗಿಯೇ ಬರುವ ನಿಪಾತಗಳನ್ನು ಎಣಿಸಿರುವನು.

ಪಾಠಶಾಲೆಯಲ್ಲಿ ಅದನ್ನು ಭಕ್ತಿಯಿಂದ ಕಂಠಸ್ಥ ಮಾಡಿದ ನಾನು, ಮುಂದೆ ಶಿಕ್ಷಕನಾದಾಗ, ಮಾತುಮಾತಿಗೆ ‘ಮಗನ’ ಎನ್ನುತ್ತಿದ್ದ ಹುಡುಗನೊಬ್ಬನನ್ನು ಛಡಿಯಿಂದ ಹೊಡೆದೆನು. ಮರುದಿನ ಅವನ ಅಜ್ಜನು ಬಂದು, “ಮಾಸ್ತರ, ನಾ ಅವನ್ನ ಕರಿಯೂದೇ ಹಂಗರಿ” ಎಂದನು. ಅಜ್ಜನ ಬಾಯಲ್ಲಿ ಅದು ಅಕ್ಕರೆ. ಹುಡುಗನ ಬಾಯಲ್ಲಿ ಪಾದಪೂರಣ. ನನ್ನ ಕಿವಿಗೆ ಮಾತ್ರ ಬೈಗುಳ.

ಅದೇ ತರಗತಿಯಲ್ಲಿ ಒಬ್ಬನು ಇನ್ನೊಬ್ಬನ ಜಾತಿಯೆತ್ತಿ ಆಡಿದ್ದನ್ನು ಕೇಳಿಯೂ ನಾನು ಪಾಠವನ್ನು ಮುಂದುವರಿಸಿದ್ದುಂಟು. ಅದರಲ್ಲಿ ಕಿವಿಗೆ ಒರಟಾದ ಅಕ್ಷರವೊಂದೂ ಇರಲಿಲ್ಲ. ಆದರೆ ಆ ಮಾತು ಎಳ್ಳಷ್ಟೂ ಸವೆದಿರಲಿಲ್ಲ. ಅನ್ನಿಸಿಕೊಂಡವನು ಮಧ್ಯಾಹ್ನದ ನಂತರ ಶಾಲೆಗೆ ಬರಲಿಲ್ಲ. ಮಾತಿನ ಮೂಲವನ್ನು ಶೋಧಿಸುವವರು ಅದು ಇಂದು ಯಾರಿಗೆ ತಗಲುವದೆಂಬದನ್ನೂ ನೋಡತಕ್ಕದ್ದು. ಛಡಿಯನ್ನು ಕೈಗೆತ್ತಿಕೊಂಡ ದಿನ ನಾನು ಅದನ್ನು ನೋಡಲಿಲ್ಲ.